ಹೆಸರು ಕೇಂದ್ರ, ತೂಕ ಅಂಚಿನಲ್ಲಿ: ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರದ ಗಡಿ ಮತ್ತು ರಾಜಕಾರಣ

ನಮ್ಮ ಮೆಟ್ರೋದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ನಿಂದ ಪೂರ್ವಕ್ಕೆ ಹೊರಟ ರೈಲು ವಿಧಾನಸೌಧ, ಮಹಾತ್ಮ ಗಾಂಧಿ ರಸ್ತೆ, ಹಲಸೂರು, ಇಂದಿರಾನಗರ, ಬೈಯಪ್ಪನಹಳ್ಳಿಗಳನ್ನು ದಾಟಿ, ಕೆ.ಆರ್. ಪುರದ ತೂಗುಸೇತುವೆಯನ್ನು ಬಳಸಿಕೊಂಡು, ಹೂಡಿ, ಕುಂದಲಹಳ್ಳಿಗಳ ಮೇಲಿಂದ ಸಾಗಿ ಕಾಡುಗೋಡಿಯಲ್ಲಿ ನಿಲ್ಲುವ ಹೊತ್ತಿಗೆ ಹೆಚ್ಚುಕಡಿಮೆ ಒಂದು ಗಂಟೆ ಕಳೆದಿರುತ್ತದೆ. ಈ ದಾರಿಯ ಬಹುಭಾಗ ಒಂದೇ ಲೋಕಸಭಾ ಕ್ಷೇತ್ರದಲ್ಲಿದೆ, ಅದರ ಹೆಸರು ಬೆಂಗಳೂರು ಕೇಂದ್ರ. ಮೆಜೆಸ್ಟಿಕ್‌ನಲ್ಲಿ ಗಂಟುಮೂಟೆ ಹೊತ್ತು ಇಳಿದವರೂ, ಮಹಾತ್ಮ ಗಾಂಧಿ ರಸ್ತೆಯಲ್ಲಿ ಇಳಿದ ಹಳೆಯ ದಂಡಿನ (ಕಂಟೋನ್ಮೆಂಟಿನ) ನಿವಾಸಿಗಳೂ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ವೈಟ್‌ಫೀಲ್ಡಿನವರೆಗೆ ನಿಂತೇ ಹೋಗುವ ತಂತ್ರಾಂಶ ಉದ್ಯೋಗಿಗಳೂ ದೆಹಲಿಗೆ ಕಳಿಸುವುದು ಒಬ್ಬರೇ ಸಂಸದರನ್ನು. ಈ ಮೂರು ಊರುಗಳು ಒಂದೇ ಕ್ಷೇತ್ರವಾದದ್ದು ಹೇಗೆ, ಹಾಗೆ ಸೇರಿಸಿದ ಗೆರೆ ಇಂದು ಏನು ಮಾಡುತ್ತಿದೆ ಎಂಬುದನ್ನು ತಿಳಿಯದೆ ಕಳೆದ ವರ್ಷಗಳಲ್ಲಿ ಈ ಕ್ಷೇತ್ರದ ಸುತ್ತ ಎದ್ದ ಯಾವ ವಿವಾದವೂ ಅರ್ಥವಾಗುವುದಿಲ್ಲ.

ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಪಶ್ಚಿಮದ ರಾಜಾಜಿನಗರ, ಅದರ ಪಕ್ಕದ ಗಾಂಧಿನಗರ, ದಕ್ಷಿಣಕ್ಕೆ ಚಾಮರಾಜಪೇಟೆ ಇವು ಪೇಟೆಯ ಕಡೆಯವು. ಶಿವಾಜಿನಗರ, ಶಾಂತಿನಗರ, ಸರ್ವಜ್ಞನಗರ, ಸಿ.ವಿ. ರಾಮನ್ ನಗರ ಬಹುಮಟ್ಟಿಗೆ ದಂಡಿನ ಕಡೆಯವು, ಅಥವಾ ದಂಡಿನ ಅಂಚಿನಲ್ಲಿ ಬೆಳೆದವು. ಎಂಟನೆಯದಾದ ಮಹದೇವಪುರ ಈ ಎರಡಕ್ಕೂ ಸೇರಿದ್ದಲ್ಲ. ಬೆಳ್ಳಂದೂರು, ವರ್ತೂರು, ಮಾರತಹಳ್ಳಿ, ಹೂಡಿ, ವೈಟ್‌ಫೀಲ್ಡ್, ಕಾಡುಗೋಡಿಗಳನ್ನು ಒಳಗೊಂಡು, ಮಂಡೂರಿನಂಥ ಗ್ರಾಮ ಪಂಚಾಯಿತಿಗಳವರೆಗೆ ಅದು ಚಾಚಿಕೊಂಡಿದೆ. ಬೆಂಗಳೂರಿನ ಕಸವೆಲ್ಲ ಬಂದು ಬೀಳುತ್ತಿದ್ದ ದಿನಗಳಲ್ಲಿ ಬೀದಿಗಿಳಿದು ಲಾರಿ ತಡೆದ ಮಂಡೂರಿನ ಜನರಿಗೆ ತಾವು ‘ಬೆಂಗಳೂರು ಕೇಂದ್ರ’ದವರು ಎಂದರೆ ಏನನ್ನಿಸೀತು ಎಂದು ನಾನು ಹಲವು ಸಲ ಯೋಚಿಸಿದ್ದೇನೆ.

ಪೇಟೆ ಮತ್ತು ದಂಡು ಎಂಬ ಮಾತು ಬರಿಯ ಹಳೆಯ ನೆನಪಲ್ಲ. ಕೆಂಪೇಗೌಡರು ಕಟ್ಟಿದ ಪೇಟೆಗೂ, 1809ರಲ್ಲಿ ಬ್ರಿಟಿಷರು ನೆಲೆಯೂರಿಸಿದ ದಂಡಿಗೂ ನಡುವೆ ಇದ್ದದ್ದು ಕಬ್ಬನ್ ಉದ್ಯಾನದಷ್ಟೇ ಅಂತರವಲ್ಲ, ಎರಡು ಬೇರೆ ಬೇರೆ ಆಡಳಿತಗಳ ಅಂತರ. ಪೇಟೆ ಮೈಸೂರು ಅರಸರದ್ದು. ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂದು ಕರೆಸಿಕೊಂಡ ದಂಡು 1947ರವರೆಗೂ ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿತ್ತು. ಎರಡೂ ಪೌರಾಡಳಿತಗಳು ಸೇರಿ ಒಂದೇ ನಗರ ಪಾಲಿಕೆಯಾದದ್ದು 1949ರಲ್ಲಿ, ಎಂದರೆ ದೇಶದ ಮೊದಲ ಸಾರ್ವತ್ರಿಕ ಚುನಾವಣೆಗೆ ಮೂರೇ ವರ್ಷ ಮುಂಚೆ. ಭಾಷೆ, ಕಸುಬು, ಮತಧರ್ಮ, ಮನೆ ಕಟ್ಟುವ ರೀತಿ ಎಲ್ಲದರಲ್ಲೂ ಬೇರೆಯಾಗಿದ್ದ ಎರಡು ಊರುಗಳನ್ನು ಒಂದು ಪಾಲಿಕೆಯಡಿ ತಂದದ್ದು ಸುಲಭವಾಯಿತು. ಒಂದು ರಾಜಕೀಯ ಮನಸ್ಸಿನಡಿ ತರುವುದು ಅಷ್ಟು ಸುಲಭವಾಗಲಿಲ್ಲ. ಮುಂದಿನ ಅರವತ್ತು ವರ್ಷಗಳ ಲೋಕಸಭಾ ಚುನಾವಣೆಗಳಲ್ಲಿ ಅದು ಎದ್ದು ಕಾಣುತ್ತದೆ.

1952ರ ಮೊದಲ ಚುನಾವಣೆಯಲ್ಲಿ ಇಲ್ಲಿದ್ದದ್ದು ಬೆಂಗಳೂರು ಉತ್ತರ ಮತ್ತು ಬೆಂಗಳೂರು ದಕ್ಷಿಣ ಎಂಬ ಎರಡು ಕ್ಷೇತ್ರಗಳು. 1957ರಲ್ಲಿ ಅವು ‘ಬೆಂಗಳೂರು ನಗರ’ ಮತ್ತು ‘ಬೆಂಗಳೂರು’ ಎಂದಾದವು. ವಿಧಾನಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು 1962, 1967 ಮತ್ತು 1971ರಲ್ಲಿ ಬೆಂಗಳೂರು ನಗರದಿಂದ ಗೆದ್ದು ಇಂದಿರಾ ಗಾಂಧಿಯವರ ಸಂಪುಟದಲ್ಲಿ ರೈಲ್ವೆ ಸಚಿವರೂ ಆದರು. 1977ರಲ್ಲಿ ಹಳೆಯ ಹೆಸರುಗಳು ಮರಳಿ ಬಂದವು. ಶಿವಾಜಿನಗರದಂಥ ದಂಡಿನ ಭಾಗಗಳು ಉತ್ತರದಲ್ಲಿ, ಬಸವನಗುಡಿ, ಚಾಮರಾಜಪೇಟೆಯಂಥ ಭಾಗಗಳು ದಕ್ಷಿಣದಲ್ಲಿ ಉಳಿದವು. ಅಲ್ಲಿಂದ ಮುಂದೆ ಎರಡೂ ಕ್ಷೇತ್ರಗಳು ಎರಡು ದಿಕ್ಕು ಹಿಡಿದು ನಡೆದವು.

ತುರ್ತು ಪರಿಸ್ಥಿತಿ ಮುಗಿದ ಮೇಲೆ ನಡೆದ ಆ ಚುನಾವಣೆಯಲ್ಲಿ ಉತ್ತರ ಭಾರತವೆಲ್ಲ ಕಾಂಗ್ರೆಸ್ಸನ್ನು ತಿರಸ್ಕರಿಸಿದರೂ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಬಂದವು. ಉಳಿದ ಎರಡರಲ್ಲಿ ಒಂದು ಹಾಸನ, ಇನ್ನೊಂದು ಬೆಂಗಳೂರು ದಕ್ಷಿಣ. ದಕ್ಷಿಣದಿಂದ ಗೆದ್ದ ಕೆ.ಎಸ್. ಹೆಗ್ಡೆಯವರು 1973ರಲ್ಲಿ ಸೇವಾ ಹಿರಿತನವನ್ನು ಕಡೆಗಣಿಸಿದ್ದನ್ನು ಪ್ರತಿಭಟಿಸಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟವರು. ಗೆದ್ದ ವರ್ಷವೇ ಲೋಕಸಭೆಯ ಸ್ಪೀಕರ್ ಆದರು. 1980ರಲ್ಲಿ ಟಿ.ಆರ್. ಶಾಮಣ್ಣ, 1984ರಲ್ಲಿ ರಾಜೀವ್ ಗಾಂಧಿಯವರ ಅಲೆಯ ನಡುವೆಯೂ ವಿ.ಎಸ್. ಕೃಷ್ಣ ಅಯ್ಯರ್, ಹೀಗೆ ದಕ್ಷಿಣ ಜನತಾ ಪಕ್ಷದ ಕೈ ಬಿಡಲಿಲ್ಲ. 1989ರಲ್ಲಿ ಮಾತ್ರ ಮಾಜಿ ಮುಖ್ಯಮಂತ್ರಿ ಆರ್. ಗುಂಡೂರಾವ್ ಅವರು ಅದನ್ನು ಕಾಂಗ್ರೆಸ್ಸಿಗೆ ತಂದುಕೊಟ್ಟರು. 1991ರಲ್ಲಿ ಅರ್ಥಶಾಸ್ತ್ರಜ್ಞ ಕೆ. ವೆಂಕಟಗಿರಿಗೌಡರು ಬಿಜೆಪಿಯಿಂದ ಗೆದ್ದರು. 1996ರಿಂದ 2014ರವರೆಗೆ ಆರು ಸಲ ಅನಂತಕುಮಾರ್, ಆಮೇಲೆ ಎರಡು ಸಲ ತೇಜಸ್ವಿ ಸೂರ್ಯ; ವೆಂಕಟಗಿರಿಗೌಡರು ತೆರೆದ ಬಾಗಿಲು ಇವತ್ತಿಗೂ ಮುಚ್ಚಿಲ್ಲ. ಉತ್ತರದಲ್ಲಿ ಇದೇ ಅವಧಿಯ ಕಥೆ ಒಬ್ಬರ ಹೆಸರಿನಲ್ಲಿದೆ. ಸಿ.ಕೆ. ಜಾಫರ್ ಷರೀಫ್ ಅವರು 1977ರಿಂದ 1991ರವರೆಗಿನ ಐದೂ ಚುನಾವಣೆಗಳಲ್ಲಿ, ಮತ್ತೆ 1998 ಹಾಗೂ 1999ರಲ್ಲಿ ಅಲ್ಲಿಂದ ಗೆದ್ದರು. ಅವರಿಗೆ ನಿಷ್ಠವಾಗಿದ್ದ ಮತಗಳ ಗಟ್ಟಿ ತಳಪಾಯ ಹಳೆಯ ದಂಡಿನ ಬೀದಿಗಳಲ್ಲಿತ್ತು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಎಚ್.ಸಿ. ದಾಸಪ್ಪ, ಹನುಮಂತಯ್ಯ, ಜಾಫರ್ ಷರೀಫ್, ಡಿ.ವಿ. ಸದಾನಂದಗೌಡ, ಹೀಗೆ ಬೆಂಗಳೂರಿನ ಕ್ಷೇತ್ರಗಳಿಂದ ಆರಿಸಿ ಹೋದ ನಾಲ್ವರು ಬೇರೆ ಬೇರೆ ಕಾಲದಲ್ಲಿ ರೈಲ್ವೆ ಸಚಿವರಾಗಿದ್ದರು. ಆದರೂ ನಗರದ ಉಪನಗರ ರೈಲು ಯೋಜನೆಗೆ ಕೇಂದ್ರ ಸಂಪುಟ ಸಮಿತಿಯ ಒಪ್ಪಿಗೆ ದೊರೆತದ್ದು 2020ರಲ್ಲಿ. ಬೆಂಗಳೂರಿನ ಸಂಸದರು ದೆಹಲಿಯಲ್ಲಿ ಎಷ್ಟೇ ಎತ್ತರಕ್ಕೆ ಏರಿದರೂ ನಗರ ಒಂದು ಘಟಕವಾಗಿ ಅಲ್ಲಿ ಮಾತಾಡಿದ್ದು ಕಡಿಮೆ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ನಗರವನ್ನು ಕತ್ತರಿಸಿ ಹಂಚಿದ ರೀತಿಯೂ ಒಂದು ಕಾರಣ.

ಆ ಕತ್ತರಿಯ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1976ರ 42ನೇ ತಿದ್ದುಪಡಿ ಲೋಕಸಭೆ ಮತ್ತು ವಿಧಾನಸಭೆಗಳ ಸ್ಥಾನಸಂಖ್ಯೆಯನ್ನು 1971ರ ಜನಗಣತಿಗೆ ಕಟ್ಟಿಹಾಕಿತು. 2001ರಲ್ಲಿ ಬಂದ 84ನೇ ತಿದ್ದುಪಡಿ ಆ ಕಟ್ಟನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಆದರೆ ರಾಜ್ಯಗಳಿಗೆ ಸಿಕ್ಕ ಒಟ್ಟು ಸ್ಥಾನಗಳನ್ನು ಮುಟ್ಟದೆ, ರಾಜ್ಯದೊಳಗಿನ ಗಡಿಗಳನ್ನು ಮಾತ್ರ ಹೊಸದಾಗಿ ಎಳೆಯಲು ಅವಕಾಶವಿತ್ತು. 2003ರ 87ನೇ ತಿದ್ದುಪಡಿಯಿಂದ ಅದಕ್ಕೆ 2001ರ ಜನಗಣತಿಯೇ ಆಧಾರವಾಯಿತು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯ ಮರುವಿಂಗಡಣಾ ಆಯೋಗ ಎಳೆದ ಗಡಿಗಳು 2008ರ ಫೆಬ್ರವರಿಯಲ್ಲಿ ಜಾರಿಗೆ ಬಂದವು. ಹೊಸ ಗಡಿಗಳಲ್ಲಿ ದೊಡ್ಡ ಚುನಾವಣೆಯನ್ನು ಮೊದಲು ಎದುರಿಸಿದ್ದು ಅದೇ ಮೇ ತಿಂಗಳಿನ ನಮ್ಮ ವಿಧಾನಸಭೆ.

2001ರಲ್ಲಿ ಕರ್ನಾಟಕದ ಜನಸಂಖ್ಯೆ 5.28 ಕೋಟಿ. ಅದನ್ನು 224 ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ಒಂದಕ್ಕೆ ಸರಾಸರಿ 2.36 ಲಕ್ಷ ಜನ. ಬೆಂಗಳೂರು ನಗರ ಜಿಲ್ಲೆಯಲ್ಲಿದ್ದವರು 65 ಲಕ್ಷಕ್ಕೂ ಹೆಚ್ಚು. ಆ ಲೆಕ್ಕದಲ್ಲಿ ಜಿಲ್ಲೆಗೆ 28 ಸ್ಥಾನ ಬರಬೇಕು, ಬಂದದ್ದೂ 28. ಅದಕ್ಕೆ ಮೊದಲು ಇದ್ದದ್ದು 16. ಒಮ್ಮೆಗೇ ಹನ್ನೆರಡು ಸ್ಥಾನಗಳು ಹೆಚ್ಚಾದವು ಎಂದರೆ ಹಿಂದಿನ ಮೂರು ದಶಕ ನಗರದ ಮತಕ್ಕೆ ಎಷ್ಟು ಕಡಿಮೆ ಬೆಲೆಯಿತ್ತು ಎಂಬುದು ತಿಳಿಯುತ್ತದೆ. ಉತ್ತರಹಳ್ಳಿ, ವರ್ತೂರು, ಬಿನ್ನಿಪೇಟೆಯಂಥ ಊದಿಕೊಂಡ ಕ್ಷೇತ್ರಗಳು ಒಡೆದು ಮರೆಯಾದವು. ಕನಕಪುರ ಲೋಕಸಭಾ ಕ್ಷೇತ್ರ ಹೋಗಿ ಬೆಂಗಳೂರು ಗ್ರಾಮಾಂತರ ಬಂತು. ಲೋಕಸಭೆಗೆ 28 ಸ್ಥಾನಗಳಿರುವ ರಾಜ್ಯದಲ್ಲಿ ಒಂದಕ್ಕೆ ಎಂಟು ವಿಧಾನಸಭಾ ಕ್ಷೇತ್ರ ಎಂಬುದು ನೇರ ಭಾಗಾಕಾರ, ವಿಧಾನಸಭಾ ಕ್ಷೇತ್ರವನ್ನು ಎರಡು ಲೋಕಸಭಾ ಕ್ಷೇತ್ರಗಳಿಗೆ ಹರಿದು ಹಂಚಬಾರದು ಎಂಬುದು ಕಾನೂನು. ಹೀಗಾಗಿ 28ರಲ್ಲಿ 24 ಸೇರಿ ಉತ್ತರ, ಕೇಂದ್ರ, ದಕ್ಷಿಣ ಎಂಬ ಮೂರು ಕ್ಷೇತ್ರಗಳಾದವು. ಉಳಿದ ನಾಲ್ಕರಲ್ಲಿ ರಾಜರಾಜೇಶ್ವರಿನಗರ, ಬೆಂಗಳೂರು ದಕ್ಷಿಣ (ಇದು ಅದೇ ಹೆಸರಿನ ವಿಧಾನಸಭಾ ಕ್ಷೇತ್ರ) ಮತ್ತು ಆನೇಕಲ್ ಗ್ರಾಮಾಂತರಕ್ಕೂ, ಯಲಹಂಕ ಬಾಗೇಪಲ್ಲಿ, ಗೌರಿಬಿದನೂರುಗಳ ಜೊತೆ ಚಿಕ್ಕಬಳ್ಳಾಪುರಕ್ಕೂ ಹೋದವು.

ಕೇಂದ್ರ ಕ್ಷೇತ್ರ ಹುಟ್ಟಿದ್ದು ಹೀಗೆ. ಅದರ ಏಳು ಭಾಗಗಳು ಹಳೆಯ ಉತ್ತರ, ದಕ್ಷಿಣಗಳ ಒಡಲಿನಿಂದ ಬಂದ ಒತ್ತೊತ್ತಾದ ನಗರ. ಎಂಟನೆಯ ಮಹದೇವಪುರ 2007ರವರೆಗೂ ನಗರಸಭೆಯಾಗಿದ್ದ ಊರು ಮತ್ತು ಸುತ್ತಲಿನ ಹಳ್ಳಿಗಳ ಗುಂಪು. ಎಣಿಕೆ ತುಂಬಿಸಲು ಒಂದು ಬೇಕಿತ್ತು, ಸಿ.ವಿ. ರಾಮನ್ ನಗರಕ್ಕೆ ಅಂಟಿಕೊಂಡು ಮಹದೇವಪುರ ಇತ್ತು. 2001ರ ಲೆಕ್ಕದಲ್ಲಿ ಅದು ಎಂಟರಲ್ಲಿ ಒಂದು ಪಾಲು ಅಷ್ಟೆ, ಮಿಕ್ಕವುಗಳಿಗೆ ಸರಿಸಮ. ಗೆರೆ ಎಳೆದವರ ಉದ್ದೇಶವನ್ನು ಸಂಶಯಿಸಲು ನನಗೆ ಆಧಾರ ಕಾಣುವುದಿಲ್ಲ. ಎಡವಟ್ಟಾದದ್ದು ಬೇರೆ ಕಡೆ. ಗಡಿ ಜಾರಿಗೆ ಬರುವ ಹೊತ್ತಿಗೆ ಆ ಎಣಿಕೆಗೆ ಏಳು ವರ್ಷ ವಯಸ್ಸಾಗಿತ್ತು. ಆ ಏಳು ವರ್ಷಗಳಲ್ಲೇ ಹೊರವರ್ತುಲ ರಸ್ತೆಯ ಎರಡೂ ಬದಿಗೆ ಗಾಜಿನ ಕಟ್ಟಡಗಳು ಎದ್ದಿದ್ದವು, ರಾಗಿ ಬೆಳೆಯುತ್ತಿದ್ದ ಸರ್ವೆ ನಂಬರುಗಳು ಲೇಔಟುಗಳಾಗಿದ್ದವು. ಮೊದಲ ಮತ ಬೀಳುವ ಮುನ್ನವೇ ಈ ಗಡಿ ಹಳತಾಗಿತ್ತು.

ಈಗಿನ ಸ್ಥಿತಿ ನೋಡಿ. 2008ರಲ್ಲಿ ಮೂರು ಲಕ್ಷ ಮತದಾರರೂ ಇರದಿದ್ದ ಮಹದೇವಪುರದಲ್ಲಿ ಇಂದು ಆರು ಲಕ್ಷಕ್ಕೂ ಹೆಚ್ಚು ಮತದಾರರಿದ್ದಾರೆ. ಅದೇ ಲೋಕಸಭಾ ಕ್ಷೇತ್ರದ ಶಿವಾಜಿನಗರದಲ್ಲಿ ಇರುವವರು ಸುಮಾರು ಎರಡು ಲಕ್ಷ. 2024ರಲ್ಲಿ ಕೇಂದ್ರ ಕ್ಷೇತ್ರದ ಒಟ್ಟು ಮತದಾರರು ಸುಮಾರು 24 ಲಕ್ಷ. ಎಂಟರಲ್ಲಿ ಒಂದಾಗಿದ್ದ ಭಾಗ ಇಂದು ನಾಲ್ಕರಲ್ಲಿ ಒಂದು ಪಾಲನ್ನೂ ಮೀರಿದೆ. ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿಯಲ್ಲಿ 1.7 ಲಕ್ಷಕ್ಕಿಂತ ಕಡಿಮೆ ಮತದಾರರು ಒಬ್ಬ ಶಾಸಕರನ್ನು ಆರಿಸುತ್ತಾರೆ, ಮಹದೇವಪುರದಲ್ಲಿ ಅದಕ್ಕೆ ಮೂರೂವರೆ ಪಟ್ಟು ಜನ ಸೇರಿ ಆರಿಸುವುದೂ ಒಬ್ಬರನ್ನೇ.

ಇನ್ನೊಂದು ಅಂಶ ಅಷ್ಟಾಗಿ ಚರ್ಚೆಯಾಗುವುದಿಲ್ಲ. ಮಹದೇವಪುರ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಪರಿಶಿಷ್ಟ ಜಾತಿಯ ಜನರ ಪ್ರಮಾಣ ಹೆಚ್ಚಿರುವ ಕಡೆಗಳಲ್ಲಿ, ರಾಜ್ಯದ ಬೇರೆ ಬೇರೆ ಭಾಗಗಳಿಗೆ ಹರಡುವಂತೆ ಮೀಸಲು ಸ್ಥಾನಗಳನ್ನು ಗುರುತಿಸಬೇಕೆಂದು ಮರುವಿಂಗಡಣೆಯ ಕಾನೂನು ಹೇಳುತ್ತದೆ. 2001ರಲ್ಲಿ ಇಲ್ಲಿನ ಹಳ್ಳಿಗಳ ದಲಿತ ಕೇರಿಗಳನ್ನು ನೋಡಿ ಮಾಡಿದ ನಿರ್ಧಾರ ಅದು. ಈಗ ಆ ಕೇರಿಗಳ ಪಕ್ಕದಲ್ಲಿ ಒಂದೊಂದು ವಸತಿ ಸಮುಚ್ಚಯದಲ್ಲಿ ಸಾವಿರಾರು ಜನರಿದ್ದಾರೆ. ಊರಿನ ಮೂಲ ನಿವಾಸಿಗಳಾದ ದಲಿತರ ಪ್ರಮಾಣ ಮತದಾರರ ಪಟ್ಟಿಯಲ್ಲಿ ಕುಗ್ಗುತ್ತಾ ಹೋಗಿದೆ. ಮೀಸಲಾತಿ ಉಳಿದಿದೆ, ಅದರ ಹಿಂದಿದ್ದ ಜನಬಲ ತೆಳುವಾಗುತ್ತಿದೆ. ಮುಂದಿನ ಮರುವಿಂಗಡಣೆಯಲ್ಲಿ ಈ ಸ್ಥಾನ ಸಾಮಾನ್ಯವಾಗಿ ಬದಲಾದರೆ ಆ ಕೇರಿಗಳ ದನಿಗೆ ಇರುವ ಒಂದೇ ಆಸರೆಯೂ ತಪ್ಪುತ್ತದೆ. ಈ ಬಗ್ಗೆ ಈಗಲೇ ಮಾತು ಶುರುವಾಗಬೇಕು.

ಹೊಸ ಕ್ಷೇತ್ರದಲ್ಲಿ ನಡೆದ ನಾಲ್ಕು ಚುನಾವಣೆಗಳನ್ನೂ ಬಿಜೆಪಿಯ ಪಿ.ಸಿ. ಮೋಹನ್ ಅವರೇ ಗೆದ್ದಿದ್ದಾರೆ. ಆದರೆ ನಾಲ್ಕು ಗೆಲುವುಗಳೂ ಒಂದೇ ಬಗೆಯವಲ್ಲ. 2009ರಲ್ಲಿ ಅವರಿಗೆ ಎದುರಾದವರು ಎಚ್.ಟಿ. ಸಾಂಗ್ಲಿಯಾನ. ಹಿಂದಿನ ಚುನಾವಣೆಯಲ್ಲಿ ಬಿಜೆಪಿಯಿಂದ ಉತ್ತರದಲ್ಲಿ ನಿಂತು ಜಾಫರ್ ಷರೀಫರನ್ನು ಸೋಲಿಸಿದ್ದ ಈ ಮಾಜಿ ಪೊಲೀಸ್ ಅಧಿಕಾರಿ, 2008ರ ಜುಲೈನಲ್ಲಿ ಅಣು ಒಪ್ಪಂದದ ಕುರಿತ ವಿಶ್ವಾಸಮತದಲ್ಲಿ ಪಕ್ಷದ ವಿಪ್ ಮೀರಿ ಮನಮೋಹನ್ ಸಿಂಗ್ ಸರ್ಕಾರದ ಪರ ಮತ ಹಾಕಿ ಉಚ್ಚಾಟಿತರಾಗಿದ್ದರು. ಬೆಂಗಳೂರು ಕೇಂದ್ರ ಕ್ಷೇತ್ರಕ್ಕೆ ಬಂದದ್ದು ಕಾಂಗ್ರೆಸ್ ಅಭ್ಯರ್ಥಿಯಾಗಿ. ಮೋಹನ್ ಅವರ ಗೆಲುವಿನ ಅಂತರ 35,218. ಜೆಡಿಎಸ್‌ನಿಂದ ಕಣದಲ್ಲಿದ್ದ ಜಮೀರ್ ಅಹ್ಮದ್ ಖಾನ್ ಅವರಿಗೆ ಬಂದ ಮತಗಳು 1.62 ಲಕ್ಷ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಮೊದಲ ಫಲಿತಾಂಶಕ್ಕೆ ಬೇರೆ ವಿವರಣೆ ಬೇಕಿಲ್ಲ. ಅದೇ ಚುನಾವಣೆಯಲ್ಲಿ ಜಾಫರ್ ಷರೀಫರು ಉತ್ತರದಲ್ಲೇ ನಿಂತು ಸೋತರು. ಅವರನ್ನು ದಶಕಗಳ ಕಾಲ ಹೊತ್ತಿದ್ದ ಶಿವಾಜಿನಗರ ಅಷ್ಟರಲ್ಲಿ ಗೆರೆಯ ಈಚೆಗೆ ಬಂದಿತ್ತು.

2014ರಲ್ಲಿ ಅಂತರ 1,37,500ಕ್ಕೆ ಏರಿತು, 2019ರಲ್ಲಿ 70,968ಕ್ಕೆ ಇಳಿಯಿತು. ಎರಡೂ ಸಲ ಎದುರಾಳಿ ಕಾಂಗ್ರೆಸ್ಸಿನ ರಿಜ್ವಾನ್ ಅರ್ಷದ್. 2019ರಲ್ಲಿ ಪಕ್ಷೇತರರಾಗಿ ನಿಂತ ನಟ ಪ್ರಕಾಶ್ ರಾಜ್ ಅವರಿಗೆ ಮೂವತ್ತು ಸಾವಿರ ಮತಗಳೂ ಬರಲಿಲ್ಲ. 2024ರ ಏಪ್ರಿಲ್ 26ರಂದು ನಡೆದ ಮತದಾನದಲ್ಲಿ ಮೋಹನ್ ಅವರಿಗೆ 6,58,915, ಕಾಂಗ್ರೆಸ್ಸಿನ ಮನ್ಸೂರ್ ಅಲಿ ಖಾನ್ ಅವರಿಗೆ 6,26,208 ಮತಗಳು ಬಂದವು. ಅಂತರ 32,707. ಮಹದೇವಪುರ ಒಂದರಲ್ಲೇ ಬಿಜೆಪಿಗೆ 2,29,632, ಕಾಂಗ್ರೆಸ್ಸಿಗೆ 1,15,586 ಮತಗಳು ಬಂದವು, ಎಂದರೆ 1,14,046ರ ಮುನ್ನಡೆ. ಮಹದೇವಪುರವನ್ನು ಬದಿಗಿಟ್ಟು ಕೂಡಿದರೆ ಉಳಿದ ಏಳು ಕ್ಷೇತ್ರಗಳಲ್ಲಿ ಕಾಂಗ್ರೆಸ್ ಸುಮಾರು 81 ಸಾವಿರ ಮತಗಳಿಂದ ಮುಂದಿತ್ತು. ಕ್ಷೇತ್ರದ ಹೆಸರಿನಲ್ಲಿ ಕೇಂದ್ರವಿದೆ, ಫಲಿತಾಂಶದ ತೂಕ ಪೂರ್ವದ ಅಂಚಿನಲ್ಲಿದೆ.

2025ರ ಆಗಸ್ಟ್ 7ರಂದು ರಾಹುಲ್ ಗಾಂಧಿಯವರು ದೆಹಲಿಯಲ್ಲಿ ಪತ್ರಿಕಾಗೋಷ್ಠಿ ಕರೆದು ದೇಶದ ಗಮನವನ್ನೆಲ್ಲ ತಿರುಗಿಸಿದ್ದು ಇದೇ ಮುನ್ನಡೆಯ ಕಡೆಗೆ. ಮಹದೇವಪುರದ ಪಟ್ಟಿಯಲ್ಲಿ 1,00,250 ಮತಗಳು ಅಕ್ರಮ ಎಂಬುದು ಅವರ ಆರೋಪ. ಎರಡೆರಡು ಕಡೆ ಹೆಸರಿರುವವರು 11,965, ವಿಳಾಸವೇ ಇಲ್ಲದ ಅಥವಾ ಸುಳ್ಳು ವಿಳಾಸದವರು 40,009, ಒಂದೇ ವಿಳಾಸದಲ್ಲಿ ಗುಂಪಾಗಿ ಸೇರಿದವರು 10,452, ಸರಿಯಾದ ಭಾವಚಿತ್ರ ಇಲ್ಲದವರು 4,132, ಹೊಸ ಮತದಾರರ ನಮೂನೆ 6ನ್ನು ದುರುಪಯೋಗಪಡಿಸಿದ್ದು 33,692 ಎಂದು ಅವರು ವಿಂಗಡಿಸಿದರು. ಚುನಾವಣಾ ಆಯೋಗ ಆರೋಪವನ್ನು ತಳ್ಳಿಹಾಕಿ, ಪ್ರಮಾಣದ ಮೇಲೆ ಸಹಿ ಮಾಡಿದ ಘೋಷಣೆ ಸಲ್ಲಿಸಿ ಎಂದು ಕೇಳಿತು. ಪಟ್ಟಿಯ ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು, ಫಲಿತಾಂಶ ಬಂದ ಮೇಲೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಲು ಕಾನೂನಿನಲ್ಲಿ ದಾರಿಯಿದೆ ಎಂಬುದು ಆಯೋಗದ ಮತ್ತು ಬಿಜೆಪಿಯ ವಾದದ ತಿರುಳು.

ಎರಡೂ ಕಡೆಯ ವಾದಗಳನ್ನು ತೂಗುವಾಗ ಮೂರು ಸಂಗತಿಗಳನ್ನು ಮರೆಯಬಾರದು. ಮೊದಲನೆಯದಾಗಿ, ಮಹದೇವಪುರ ಬಿಜೆಪಿಗೆ ಒಲಿದದ್ದು 2024ರಲ್ಲಿ ಅಲ್ಲ. 2008, 2013, 2018ರಲ್ಲಿ ಅರವಿಂದ ಲಿಂಬಾವಳಿ, 2023ರಲ್ಲಿ ಮಂಜುಳಾ ಲಿಂಬಾವಳಿ ಅಲ್ಲಿ ಗೆದ್ದಿದ್ದಾರೆ. ವಿಧಾನಸಭೆಯಲ್ಲಿ ಸುಮಾರು 44 ಸಾವಿರವಿದ್ದ ಅಂತರ ಒಂದೇ ವರ್ಷದಲ್ಲಿ 1.14 ಲಕ್ಷವಾದದ್ದು ದೊಡ್ಡ ಜಿಗಿತವೇ ಸರಿ. ಆದರೆ ವಿಧಾನಸಭೆಗೆ ಒಂದು, ಲೋಕಸಭೆಗೆ ಇನ್ನೊಂದು ಎಂದು ಮತ ಹಾಕುವುದು ಈ ನಗರಕ್ಕೆ ಹೊಸದಲ್ಲ. 2023ರಲ್ಲಿ ಕಾಂಗ್ರೆಸ್ಸಿನ ದಿನೇಶ್ ಗುಂಡೂರಾವ್ ಅವರನ್ನು 105 ಮತಗಳಿಂದ ಗೆಲ್ಲಿಸಿದ ಗಾಂಧಿನಗರವೂ ಮರುವರ್ಷ ಬಿಜೆಪಿಗೆ ಮುನ್ನಡೆ ಕೊಟ್ಟಿತು. ಎರಡನೆಯದಾಗಿ, ಪಟ್ಟಿಯ ಬಗ್ಗೆ ಇಲ್ಲಿ ಅನುಮಾನ ಎದ್ದದ್ದು ಇದೇ ಮೊದಲಲ್ಲ. 2022ರ ನವೆಂಬರ್‌ನಲ್ಲಿ, ಖಾಸಗಿ ಸಂಸ್ಥೆಯೊಂದರ ಕಾರ್ಯಕರ್ತರು ಜಾಗೃತಿಯ ನೆಪದಲ್ಲಿ ಮತದಾರರ ಮಾಹಿತಿ ಸಂಗ್ರಹಿಸಿದರೆಂಬ ಪ್ರಕರಣ ಬಯಲಾದಾಗ, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರಗಳಲ್ಲಿ ಆ ವರ್ಷ ಸೇರಿಸಿದ ಮತ್ತು ತೆಗೆದ ಹೆಸರುಗಳನ್ನು ಪೂರ್ತಿಯಾಗಿ ಮರುಪರಿಶೀಲಿಸುವಂತೆ ಆದೇಶಿಸಿದ್ದು ಚುನಾವಣಾ ಆಯೋಗವೇ. ಆ ಮೂರರಲ್ಲಿ ಎರಡು ಕೇಂದ್ರ ಲೋಕಸಭಾ ಕ್ಷೇತ್ರದವು. ಪಕ್ಕದ ದಕ್ಷಿಣ ಲೋಕಸಭಾ ಕ್ಷೇತ್ರದ ಜಯನಗರದಲ್ಲಿ 2023ರ ಫಲಿತಾಂಶ ನಿರ್ಧಾರವಾದದ್ದು 16 ಮತಗಳಿಂದ. ಇಂಥ ನಗರದಲ್ಲಿ ಪಟ್ಟಿಯ ಸಣ್ಣ ತಪ್ಪನ್ನೂ ಯಾರೂ ಹಗುರವಾಗಿ ಕಾಣುವಂತಿಲ್ಲ.

ಮೂರನೆಯದು ಪಟ್ಟಿಯ ಸ್ವರೂಪ. ಮತದಾರರ ಪಟ್ಟಿಯ ಒಂದು ಹಾಳೆಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಇದು ಗೊತ್ತಿರುತ್ತದೆ. ಸಾಲಿಗೆ ಮೂರರಂತೆ ಹತ್ತು ಸಾಲು, ಒಟ್ಟು ಮೂವತ್ತು ಚೌಕ. ಒಂದೊಂದರಲ್ಲೂ ಕ್ರಮಸಂಖ್ಯೆ, ಗುರುತಿನ ಚೀಟಿಯ ಸಂಖ್ಯೆ, ಹೆಸರು, ತಂದೆಯ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ವಯಸ್ಸು, ಲಿಂಗ. ಕಣ್ಣು ತಡೆದು ನಿಲ್ಲುವುದು ಮನೆ ಸಂಖ್ಯೆಯ ಬಳಿ. ಚಾಮರಾಜಪೇಟೆಯಂಥ ಹಳೆಯ ಬಡಾವಣೆಯಲ್ಲಿ ಅಡ್ಡರಸ್ತೆ, ಮುಖ್ಯರಸ್ತೆ, ಬಾಗಿಲ ಸಂಖ್ಯೆ ಎಲ್ಲಕ್ಕೂ ನೂರು ವರ್ಷದ ಲೆಕ್ಕವಿದೆ. ಹೊಲವನ್ನು ರೆವಿನ್ಯೂ ಸೈಟುಗಳಾಗಿ ಮಾಡಿ ಮಾರಿದ ಕಡೆ ಮನೆಗೆ ಸಂಖ್ಯೆಯನ್ನು ಕೊಡುವವರು ಯಾರು? ಒಬ್ಬರು ಸರ್ವೆ ನಂಬರು ಬರೆಯುತ್ತಾರೆ, ಇನ್ನೊಬ್ಬರು ಸೈಟು ನಂಬರು, ಮತ್ತೊಬ್ಬರು ಸೊನ್ನೆ. ಮಾಲೀಕರು ಕಟ್ಟಿಸಿದ ವಠಾರದ ಸಣ್ಣ ಕೋಣೆಗೆ ಕಾರ್ಮಿಕರು ಬರುತ್ತಾರೆ, ಅರ್ಜಿ ಹಾಕುತ್ತಾರೆ, ಕೆಲಸ ಮುಗಿದಾಗ ಹೊರಡುತ್ತಾರೆ. ಹೆಸರು ಮಾತ್ರ ಅಲ್ಲೇ ಉಳಿಯುತ್ತದೆ. ಪತ್ರಿಕಾಗೋಷ್ಠಿಯಲ್ಲಿ ತೋರಿಸಿದ, ಒಂದೇ ಚಿಕ್ಕ ಮನೆಯ ವಿಳಾಸದಲ್ಲಿ 80 ಮತದಾರರಿದ್ದ ಪ್ರಕರಣವನ್ನು ಹುಡುಕಿ ಹೋದ ವರದಿಗಾರರಿಗೂ ಸಿಕ್ಕಿದ್ದು ಇಂಥದೇ ಬಾಡಿಗೆದಾರರ ಕಥೆ. ನಾನೂ ಬಾಡಿಗೆ ಮನೆ ಬದಲಿಸಿ ನಮೂನೆ 8ರಲ್ಲಿ ವಿಳಾಸ ಬದಲಾವಣೆ ಕೇಳಿಕೊಂಡ ಮೇಲೂ ಒಂದು ಚುನಾವಣೆಯವರೆಗೆ ನನ್ನ ಹೆಸರು ಹಳೆಯ ಮತಗಟ್ಟೆಯಲ್ಲೇ ಇತ್ತು. ಮನೆಯ ಮಾಲೀಕರು ಫೋನು ಮಾಡಿ ‘ನಿಮ್ಮ ಚೀಟಿ ನಮ್ಮ ಮನೆಗೇ ಬಂದಿದೆ’ ಎಂದಾಗಲೇ ನನಗೆ ತಿಳಿದದ್ದು.

ಇದರಿಂದ ಮೋಸ ನಡೆದಿಲ್ಲ ಎಂದು ತೀರ್ಮಾನಿಸಲು ಬರುವುದಿಲ್ಲ, ನಡೆದಿದೆ ಎಂದೂ ಬರುವುದಿಲ್ಲ. ಸತ್ತವರ, ಊರು ಬಿಟ್ಟವರ ಹೆಸರನ್ನು ತೆಗೆಯದ ಪಟ್ಟಿಯಲ್ಲಿ ಮೋಸಕ್ಕೂ ಮೈಮರೆವಿಗೂ ವ್ಯತ್ಯಾಸ ಹುಡುಕುವುದು ಕಷ್ಟ ಎಂಬುದೇ ಇಲ್ಲಿನ ಸಂಕಟ. ಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ಹುಡುಕಲು ಬರುವ ರೂಪದಲ್ಲಿ ಪಕ್ಷಗಳಿಗೂ ನಾಗರಿಕರಿಗೂ ಕೊಟ್ಟಿದ್ದರೆ ಒಬ್ಬರ ಹೆಸರು ಎರಡು ಕಡೆ ಇದೆಯೇ ಎಂಬುದನ್ನು ಚುನಾವಣೆಗೆ ಮುಂಚೆಯೇ ಪರೀಕ್ಷಿಸಬಹುದಿತ್ತು. ಖಾಸಗಿತನದ ಕಾರಣ ನೀಡಿ ಆಯೋಗ ಅದನ್ನು ಕೊಡುವುದಿಲ್ಲ, ಸುಪ್ರೀಂ ಕೋರ್ಟ್ 2018ರಲ್ಲಿ ಆ ನಿಲುವನ್ನು ಒಪ್ಪಿದೆ. ನನ್ನ ಮಟ್ಟಿಗೆ ಈ ನಿಲುವು ಮತದಾರರನ್ನು ಕಾಪಾಡಿದ್ದಕ್ಕಿಂತ ಅವರ ನಂಬಿಕೆಯನ್ನು ಸವೆಸಿದ್ದೇ ಹೆಚ್ಚು.

ಈ ಜಗಳದ ಗದ್ದಲದಲ್ಲಿ ಕ್ಷೇತ್ರದ ಒಳಗಿನ ನಿಜವಾದ ಸಂಬಂಧ ಕಣ್ಮರೆಯಾಗಿದೆ. ಮೆಜೆಸ್ಟಿಕ್, ಶಾಂತಿನಗರದ ಕಡೆಯ ರಾಜಕಾಲುವೆಗಳು ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಹರಿದು ಬೆಳ್ಳಂದೂರು ಕೆರೆ ಸೇರುತ್ತವೆ, ಅಲ್ಲಿಂದ ನೀರು ವರ್ತೂರು ಕೆರೆಗೆ ಹೋಗುತ್ತದೆ. ಬೆಳ್ಳಂದೂರಿನ ಕೆರೆಯ ಮೇಲೆ ಬೆಂಕಿ ಹೊತ್ತಿದಾಗ, ನೊರೆ ಹಾರಿ ದಾರಿಹೋಕರ ಮೇಲೆ ಬಿದ್ದಾಗ, ಆ ನೊರೆಗೆ ಕಾರಣವಾದ ಕೊಳಚೆಯಲ್ಲಿ ಇದೇ ಕ್ಷೇತ್ರದ ಮೇಲ್ಭಾಗದ ಪಾಲೂ ಇತ್ತು. ನೀರು ಬಿಡುವವರಿಗೂ ನೊರೆ ತಿನ್ನುವವರಿಗೂ ಒಬ್ಬರೇ ಸಂಸದರಿರುವುದು ಪರಿಹಾರಕ್ಕೆ ಅನುಕೂಲವಾಗಬೇಕಿತ್ತು. ಆದರೆ ಪೇಟೆಯಲ್ಲಿ, ದಂಡಿನಲ್ಲಿ ಮತ ಕೇಳುವ ಭಾಷೆ ಒಂದು, ವೈಟ್‌ಫೀಲ್ಡಿನಲ್ಲಿ ಕೇಳುವ ಭಾಷೆ ಇನ್ನೊಂದು. ಎರಡನ್ನೂ ಜೋಡಿಸುವ ಕಾಲುವೆಯ ಬಗ್ಗೆ ಪ್ರಚಾರ ಭಾಷಣಗಳಲ್ಲಿ ಕೇಳಿದ್ದು ನನಗೆ ನೆನಪಿಲ್ಲ. 2024ರಲ್ಲಿ ಈ ಕ್ಷೇತ್ರದಲ್ಲಿ ಮತ ಹಾಕಿದವರು ಶೇ 54ರಷ್ಟು. ರಾಜ್ಯದ ಸರಾಸರಿ ಶೇ 70ನ್ನು ದಾಟಿತ್ತು. ಪಟ್ಟಿಯಲ್ಲಿ ಇರಬಾರದ ಹೆಸರುಗಳು ಉಳಿದಿದ್ದರೆ ಮತದಾನದ ಪ್ರಮಾಣವೂ ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ ಎಂಬುದನ್ನು, ನಗರದ ಜನ ಮತ ಹಾಕುವುದಿಲ್ಲ ಎಂದು ಪ್ರತಿ ಸಲ ಬೈಯುವವರು ನೆನಪಿಡಬೇಕು.

ಮುಂದಿನ ಜನಗಣತಿಯ ಆಧಾರ ದಿನಾಂಕವನ್ನು 2027ರ ಮಾರ್ಚ್ 1 ಎಂದು ಕೇಂದ್ರ ಸರ್ಕಾರ ಅಧಿಸೂಚಿಸಿದೆ. ಮರುವಿಂಗಡಣೆಯ ಚರ್ಚೆ ಸದ್ಯ ನಡೆಯುತ್ತಿರುವುದು ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವಿನ ಪಾಲಿನ ಬಗ್ಗೆ. ಜನಸಂಖ್ಯೆ ನಿಯಂತ್ರಿಸಿದ ರಾಜ್ಯಗಳಿಗೆ ಶಿಕ್ಷೆಯಾಗಬಾರದು ಎಂಬ ನಮ್ಮ ವಾದದಲ್ಲಿ ನ್ಯಾಯವಿದೆ. ಆದರೆ ಅದೇ ಪ್ರಶ್ನೆ ಕರ್ನಾಟಕದ ಒಳಗೂ ಕಾದಿದೆ. 2011ರ ಎಣಿಕೆಯನ್ನೇ ಹಿಡಿದರೂ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 96 ಲಕ್ಷ, ರಾಜ್ಯದ್ದು 6.11 ಕೋಟಿ. 224 ಸ್ಥಾನಗಳಲ್ಲಿ ಜಿಲ್ಲೆಯ ಪಾಲು 28 ಅಲ್ಲ, 35. ಲೋಕಸಭೆಯ 28ರಲ್ಲಿ ಮೂರೂವರೆ ಅಲ್ಲ, ನಾಲ್ಕೂಕಾಲನ್ನೂ ಮೀರುತ್ತದೆ. ಆಮೇಲಿನ ವರ್ಷಗಳ ಬೆಳವಣಿಗೆ ಇದರಲ್ಲಿ ಸೇರಿಲ್ಲ. ರಾಜ್ಯದ ಒಟ್ಟು ಸ್ಥಾನ ಹೆಚ್ಚದೆ ಬೆಂಗಳೂರಿಗೆ ಹೆಚ್ಚು ಸಿಗಬೇಕಾದರೆ ಅದು ಬರುವುದು ಮಲೆನಾಡು, ಕರಾವಳಿಗಳಂಥ ನಿಧಾನವಾಗಿ ಬೆಳೆದ ಭಾಗಗಳಿಂದ. 2024ರಲ್ಲಿ ಬೆಂಗಳೂರು ಉತ್ತರದಲ್ಲಿ 32 ಲಕ್ಷ ಮತದಾರರಿದ್ದರು, ಉಡುಪಿ–ಚಿಕ್ಕಮಗಳೂರಿನಲ್ಲಿ 16 ಲಕ್ಷಕ್ಕಿಂತ ಕಡಿಮೆ. ದೆಹಲಿಯಲ್ಲಿ ಹೂಡುವ ವಾದವನ್ನು ಶೃಂಗೇರಿಯವರು ಬೆಂಗಳೂರಿನ ಎದುರು ಹೂಡಿದರೆ ನಾವು ಏನು ಉತ್ತರ ಕೊಡುತ್ತೇವೆ? ಮತದ ಸಮಾನತೆಯ ಪರವಾಗಿಯೇ ನಾನು ವಾಲುತ್ತೇನೆ, ಆದರೂ ಘಟ್ಟದ ಕಾಡುದಾರಿಯಲ್ಲಿ ಚದುರಿದ ಊರುಗಳಿಗೆ ಶಾಸಕರು ಕೈಗೆಟುಕಬೇಕೆಂಬ ಮಾತನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲ.

ಕೇಂದ್ರ ಕ್ಷೇತ್ರದ ಮಟ್ಟಿಗೆ ಒಂದು ಸೂಚನೆ ಈಗಾಗಲೇ ಸಿಕ್ಕಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಐದು ಪಾಲಿಕೆಗಳಾಗಿ ಒಡೆದಾಗ ಮಹದೇವಪುರವನ್ನು ಕೆ.ಆರ್. ಪುರದ ಜೊತೆ ಸೇರಿಸಿ ಪೂರ್ವ ನಗರ ಪಾಲಿಕೆ ಮಾಡಲಾಯಿತು. ಹೊಸ ಕೇಂದ್ರ ಪಾಲಿಕೆಯಲ್ಲಿ ಮಹದೇವಪುರಕ್ಕೆ ಜಾಗವಿಲ್ಲ. ಲೋಕಸಭೆಯ ನಕ್ಷೆಯಲ್ಲಿ ಮಾತ್ರ ಈ ಜೋಡಿಯ ಒಂದು ಭಾಗ ಉತ್ತರದಲ್ಲಿ, ಇನ್ನೊಂದು ಕೇಂದ್ರದಲ್ಲಿ ಉಳಿದಿದೆ. ರಾಜ್ಯದ ಸರಾಸರಿ ಮತದಾರರ ಸಂಖ್ಯೆಯನ್ನು ಹಿಡಿದರೆ ಮಹದೇವಪುರ ಒಂದೇ ಎರಡು ವಿಧಾನಸಭಾ ಕ್ಷೇತ್ರಗಳಾಗಿ ಒಡೆದು ಇನ್ನೂ ಅರ್ಧ ಉಳಿಯುತ್ತದೆ. ಪೂರ್ವಕ್ಕೆ ತನ್ನದೇ ಲೋಕಸಭಾ ಕ್ಷೇತ್ರ ಬರುವುದು ಬಹುಮಟ್ಟಿಗೆ ಖಚಿತ. ಆಗ ಉಳಿದ ಏಳು ತಮಗೊಬ್ಬ ಎಂಟನೆಯ ಜೊತೆಗಾರರನ್ನು ಹುಡುಕಬೇಕಾಗುತ್ತದೆ. ಪಕ್ಕದಲ್ಲೇ ಇಬ್ಬರಿದ್ದಾರೆ. ಪೇಟೆಯ ಎದೆಗೂಡಿನಂತಿರುವ ಚಿಕ್ಕಪೇಟೆ 2008ರಲ್ಲಿ ದಕ್ಷಿಣಕ್ಕೆ ಹೋಗಿದೆ, ದಂಡಿನ ಫ್ರೇಜರ್‌ಟೌನ್ ಸುತ್ತಲಿನ ಪುಲಕೇಶಿನಗರ ಉತ್ತರಕ್ಕೆ ಹೋಗಿದೆ. ಊರಿನ ಚರಿತ್ರೆಯನ್ನು ನೋಡಿದರೆ ಎರಡೂ ಇಲ್ಲಿಗೆ ಸೇರಬೇಕಾದವೇ. ಮತಗಳ ಲೆಕ್ಕ ಹಾಕುವವರಿಗೆ ಮಾತ್ರ ಒಂದು ಸೇರಿದರೆ ಬರುವ ಫಲಿತಾಂಶ ಒಂದು, ಇನ್ನೊಂದು ಸೇರಿದರೆ ಬರುವುದು ಬೇರೆ.